ಕಾದಂಬರಿಗೆ ಕಾಣದ ಕಲ್ಲಿದ್ದಲು

ಹವಾಗುಣದ ವಿಪರ್ಯಾಸ ಲೋಕವನ್ನೇ ಕಾಡುತ್ತಿರುವಾಗ ನಮ್ಮ ಕಾಲದ ಕಾದಂಬರಿ ಅದನ್ನೇಕೆ ಮುಟ್ಟಲಿಲ್ಲ? ಅಮಿತಾವ್ ಘೋಷ್ ಅವರು 2016ರಲ್ಲಿ ಪ್ರಕಟವಾದ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಎಂಬ ಗ್ರಂಥದಲ್ಲಿ ಎತ್ತಿದ ಪ್ರಶ್ನೆಯಿದು. ವಾಸ್ತವವಾದಿ ಕಾದಂಬರಿ ದಿನನಿತ್ಯದ, ನಂಬಲು ಸುಲಭವಾದ ಸಂಗತಿಗಳನ್ನೇ ನೆಚ್ಚಿ ಬೆಳೆಯಿತು. ಅಸಂಭವವೆನಿಸುವ ಬಿರುಗಾಳಿ, ಮಹಾಪೂರಗಳನ್ನು ಹೊರಗಿಟ್ಟಿತು. ಆದ್ದರಿಂದ ಅಂಥವೇ ಮೇಲಿಂದ ಮೇಲೆ ಬರುವ ಈ ಕಾಲವನ್ನು ಹಿಡಿಯಲಾರದೆ ಹೋಯಿತು ಎಂದು ಅವರ ವಾದ.

ಈ ವಾದವನ್ನು ಕನ್ನಡಕ್ಕೆ ಹಚ್ಚಿ ನೋಡಿದರೆ ಅರ್ಧ ಮಾತ್ರ ನಿಲ್ಲುತ್ತದೆಂದು ನನ್ನ ಅಭಿಪ್ರಾಯ. ನಮ್ಮವರು ನಿಸರ್ಗವನ್ನು ಹೊರಗಿಟ್ಟವರಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲೂ ಮಳೆಯೂ ಮನುಷ್ಯರಷ್ಟೇ ಮುಖ್ಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯಿಂದ ಕಾಡನ್ನೂ ಮಳೆಯನ್ನೂ ತೆಗೆದರೆ ಕಥೆಯೇ ಉಳಿಯದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ, ಆ ದುಃಖವನ್ನು ಹೇಳುವ ಭಾಷೆ ನಮ್ಮಲ್ಲಿ ಮೊದಲೇ ಸಿದ್ಧವಾಗಿತ್ತು.

ಕೊರತೆಯಿರುವುದು ಬೇರೆಡೆ. ಮಳೆ ನಮ್ಮ ಸಾಹಿತ್ಯದ ತುಂಬ ಸುರಿದಿದೆ; ಆ ಮಳೆಯ ಕ್ರಮವನ್ನು ಕೆಡಿಸುತ್ತಿರುವ ಕಲ್ಲಿದ್ದಲು ಮಾತ್ರ ಅಲ್ಲಿ ತೀರ ವಿರಳ. ಇದಕ್ಕೆ ಕಾರಣವುಂಟು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಸಿಂಗರೇಣಿ ಮೊದಲಾದ ಹೊರಗಿನ ಗಣಿಗಳಿಂದ ರೈಲಿನಲ್ಲಿ ಬಂದು, ಕೃಷ್ಣೆಯ ದಡದ ಶಕ್ತಿನಗರದಲ್ಲಿ ಉರಿದು, ತಂತಿಯ ಮೂಲಕ ನಮ್ಮ ಮನೆಗೆ ಅದು ಬರಿಯ ಬೆಳಕಾಗಿ ಬರುತ್ತದೆ. 1985ರಲ್ಲಿ ಆರಂಭವಾದ ಈ ರಾಯಚೂರು ಉಷ್ಣವಿದ್ಯುತ್ ಸ್ಥಾವರ ಎಂಟು ಘಟಕಗಳ, 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಾಗಿ ಬೆಳೆಯಿತು. ಒಂದು ತಲೆಮಾರಿನ ಓದುಬರಹಕ್ಕೆ ಅದು ಬೆಳಕು ಕೊಟ್ಟಿದೆ. ಆದರೂ ಕಾರಂತರ ಕಡಲತೀರ ಕಾಣುವಷ್ಟು ಸ್ಪಷ್ಟವಾಗಿ ಶಕ್ತಿನಗರದ ಚಿಮಣಿ ಕನ್ನಡ ಓದುಗನ ಕಣ್ಣಿಗೆ ಕಟ್ಟಿಲ್ಲ.

ಫ್ರಾನ್ಸಿನ ಎಮಿಲ್ ಜೋಲಾ 1884ರಲ್ಲಿ ಉತ್ತರದ ಗಣಿಯೊಂದಕ್ಕೆ ಹೋಗಿ ಕಣ್ಣಾರೆ ಕಂಡು ಬಂದು, ಮರುವರ್ಷ ‘ಜೆರ್ಮಿನಾಲ್’ ಕಾದಂಬರಿಯನ್ನು ಹೊರತಂದನು. ಅಲ್ಲಿ ಕಲ್ಲಿದ್ದಲೆಂದರೆ ಕಾರ್ಮಿಕನ ಬೆವರು, ಹಸಿವು, ಸಿಟ್ಟು. ಗಣಿಯಿಂದ ಮೇಲೆ ಬಂದ ಕಲ್ಲಿದ್ದಲು ಉರಿದ ಮೇಲೆ ಆಕಾಶಕ್ಕೇನಾಗುವುದೆಂದು ಅವನು ಕೇಳಬೇಕಾಗಿರಲಿಲ್ಲ. ನಾವು ಕೇಳಲೇಬೇಕು. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ಮೀರಿದೆ. ಹೀಗೆ ಸೇರಿದುದರಲ್ಲಿ ಗಣನೀಯ ಭಾಗ ಶತಮಾನಗಳವರೆಗೆ ಅಲ್ಲಿಯೇ ಉಳಿಯುತ್ತದೆ. ‘ಮರಳಿ ಮಣ್ಣಿಗೆ’ ಮೂರು ತಲೆಮಾರುಗಳ ಕಥೆ. ಇಂದು ಉರಿಸಿದ ಕಲ್ಲಿದ್ದಲಿನ ಕಥೆ ಮೂರು ತಲೆಮಾರಿಗೂ ಮುಗಿಯದು. ಇಂದು ಕಟ್ಟಿದ ಸ್ಥಾವರ ಮೂವತ್ತು ನಲವತ್ತು ವರ್ಷ ಉರಿಯುತ್ತದೆ. ತಡಮಾಡುವಂತಿಲ್ಲವೆಂದು ವಿಜ್ಞಾನಿಗಳು ಹೇಳುವುದು ಈ ಲೆಕ್ಕದಿಂದಲೇ. ಬಿಡುವುದು ಸಾಧ್ಯವೆಂಬುದಕ್ಕೆ ಸಾಕ್ಷಿಯೂ ಇದೆ: 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ತೆಗೆಯತೊಡಗಿದ ಬ್ರಿಟನ್, 2024ರ ಸೆಪ್ಟೆಂಬರ್ 30ರಂದು ತನ್ನ ಕಡೆಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು.

ಹಾಗೆಂದು ನಮ್ಮ ಕಾದಂಬರಿಕಾರರು ಭಿತ್ತಿಪತ್ರ ಬರೆಯಲೆಂದು ನಾನು ಕೇಳುತ್ತಿಲ್ಲ. ಕಲ್ಲಿದ್ದಲನ್ನು ಬಿಡುವುದು ನಮಗೆ ಸುಲಭವಲ್ಲವಾದ್ದರಿಂದಲೇ ಅದು ಸಾಹಿತ್ಯಕ್ಕೆ ತಕ್ಕ ವಸ್ತು. ದೇಶದ ವಿದ್ಯುತ್ತಿನ ಬಹುಪಾಲು ಅದರಿಂದಲೇ ಬರುತ್ತಿದೆ. ಸಿಂಗರೇಣಿಯ ಕಾರ್ಮಿಕನ ಮನೆಯ ಅನ್ನವೂ ಅದರಿಂದಲೇ. ಅದರ ಬದಲಿಗೆ ಬರುವ ಬಿಸಿಲಿನ ವಿದ್ಯುತ್ತಿಗೂ ತನ್ನದೇ ಆದ ಕಥೆಯಿದೆ. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ ಹರಡಿಕೊಂಡಿದೆ. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಭೂಮಿಯುಳ್ಳವನಿಗೆ ವರ್ಷ ವರ್ಷವೂ ಹಣ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವಳ ಪಾಡೇನು? ತುಂಡು ಭೂಮಿಗಾಗಿ ಹಂಬಲಿಸಿದ ಚೋಮನನ್ನು 1933ರಷ್ಟು ಹಿಂದೆಯೇ ಕಂಡ ಸಾಹಿತ್ಯ, ಇವಳನ್ನು ಕಾಣದೆ ಹೋಗಬಾರದು.

ಬರವನ್ನೂ ನೆರೆಯನ್ನೂ ಬರಿಯ ವಿಧಿಯಾಟವೆಂದು ಚಿತ್ರಿಸುವ ಕಾದಂಬರಿ, ಎಷ್ಟೇ ಹೃದಯಂಗಮವಾಗಿರಲಿ, ಇನ್ನು ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಗಣಿಯಿಂದ ಚಿಮಣಿಗೆ, ಚಿಮಣಿಯಿಂದ ಮುಗಿಲಿಗೆ, ಮುಗಿಲಿನಿಂದ ಬಡವನ ಹೊಲಕ್ಕೆ ಹೋಗುವ ದಾರಿಯನ್ನು ನಮ್ಮ ಬರಹಗಾರರು ಒಮ್ಮೆ ನಡೆದು ನೋಡಬೇಕು. ಕಣ್ಣು ಅವರಿಗಿದೆ, ಕಾಲ ಮಾತ್ರ ಹೆಚ್ಚಿಲ್ಲ.