ಮೆಟ್ಟಿಲುಗಳಿವೆ, ತನಿಖೆಯಿಲ್ಲ

ಸಿ.ಬಿ. ಮುತ್ತಮ್ಮನವರ ಪ್ರಕರಣವನ್ನು ನಾವು ಗೆಲುವಿನ ಕತೆಯಾಗಿಯೇ ನೆನೆಯುತ್ತೇವೆ. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಅವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಯ ಮೊದಲ ಮಹಿಳೆ ಅವರು. ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆಯನ್ನೂ ಕೊಡಬೇಕು ಎಂಬ ನಿಯಮ ಆಗ ಇತ್ತು. ತನಗೆ ಬಡ್ತಿ ತಪ್ಪಿದ್ದು ಹೆಣ್ಣೆಂಬ ಕಾರಣಕ್ಕೆ ಎಂದು ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳಲ್ಲಿರುವ ತಾರತಮ್ಯವನ್ನೆಲ್ಲ ತೆಗೆಯಬೇಕೆಂದು ಸರ್ಕಾರಕ್ಕೆ ಹೇಳಿದರು. ಆದರೆ ಅರ್ಜಿ ಮಾತ್ರ ವಜಾ ಆಯಿತು. ಅಷ್ಟರಲ್ಲಿ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತ್ತು. ಮೊದಲು ಅದು ಏಕೆ ತಪ್ಪಿತ್ತು ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ಸರ್ಕಾರಿ ನೌಕರರ ತಾರತಮ್ಯದ ದೂರು ಮತ್ತು ಮೇಲ್ಮನವಿಯ ವ್ಯವಸ್ಥೆಯನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕು. ನನ್ನನ್ನು ಬೇರೆಯಾಗಿ ಕಂಡದ್ದೇಕೆ ಎಂದು ನೌಕರ ಕೇಳಿದಾಗ, ಅದನ್ನು ಹುಡುಕಿ ನೋಡುವ ಹೊಣೆ ಯಾರದು?

ವ್ಯವಸ್ಥೆಯ ಒಳ್ಳೆಯ ಮುಖವನ್ನು ಮೊದಲು ಒಪ್ಪಿಕೊಳ್ಳಬೇಕು. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಸರ್ಕಾರಿ ಉದ್ಯೋಗದಲ್ಲಿ ಭೇದ ಮಾಡಕೂಡದೆಂದು ಸಂವಿಧಾನದ 16ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಿಂದ ಸೇವಾ ವಿವಾದಗಳಿಗೇ ಮೀಸಲಾದ ನ್ಯಾಯಪೀಠಗಳು ಬಂದವು. ಕರ್ನಾಟಕದಲ್ಲಿ 1986ರಿಂದ ರಾಜ್ಯ ಆಡಳಿತ ನ್ಯಾಯಮಂಡಳಿ, ಎಲ್ಲರ ಬಾಯಲ್ಲಿರುವ ಕೆಎಟಿ, ಇದೆ. ಬೆಳಗಾವಿ, ಕಲಬುರಗಿಗಳಲ್ಲೂ ಅದರ ಪೀಠಗಳು ಆದದ್ದರಿಂದ ಉತ್ತರ ಕರ್ನಾಟಕದ ನೌಕರ ಪ್ರತಿ ಬಾರಿಯೂ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ವಕೀಲರಿಲ್ಲದೆ ತಾನೇ ನಿಂತು ವಾದಿಸುವ ಹಕ್ಕೂ ಅರ್ಜಿದಾರನಿಗಿದೆ. ಎಲ್. ಚಂದ್ರಕುಮಾರ್ ಪ್ರಕರಣದ 1997ರ ತೀರ್ಪಿನಂತೆ ಮಂಡಳಿಯ ಆದೇಶವನ್ನು ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಪ್ರಶ್ನಿಸಬಹುದು. ದ್ವಿತೀಯ ದರ್ಜೆ ಸಹಾಯಕರೊಬ್ಬರು ತಮ್ಮ ಇಲಾಖೆಯ ಮುಖ್ಯಸ್ಥರಿಂದ ಉತ್ತರ ಕೇಳಬಹುದಾದ ಜಾಗ ಇದು. ಅದರ ಬೆಲೆ ದೊಡ್ಡದು.

ತೊಡಕು ಇರುವುದು ಕೆಳಗಿನ ಮೆಟ್ಟಿಲಲ್ಲಿ. ನೌಕರ ಮೊದಲು ಇಲಾಖೆಗೇ ಮನವಿ ಅಥವಾ ಮೇಲ್ಮನವಿ ಸಲ್ಲಿಸಬೇಕು. ಆರು ತಿಂಗಳು ಉತ್ತರ ಬಾರದಿದ್ದರೆ ಮಂಡಳಿಗೆ ಹೋಗಬಹುದು. ಅಂತಿಮ ಆದೇಶ ಬಂದರೆ ಅಂದಿನಿಂದ, ಬಾರದಿದ್ದರೆ ಆ ಆರು ತಿಂಗಳು ಮುಗಿದಲ್ಲಿಂದ, ಒಂದು ವರ್ಷದ ಗಡುವು. ಈ ಹಂತದಲ್ಲಿ ದೂರಿನ ತನಿಖೆ ನಡೆಸಬೇಕೆಂಬ ಕಡ್ಡಾಯವಿಲ್ಲ. ಯಾರ ಮೇಲೆ ದೂರೋ ಅವರ ಕಚೇರಿಯಿಂದಲೇ ವರದಿ ತರಿಸಿ, "ಪರಿಶೀಲಿಸಲಾಗಿದೆ, ಅವಕಾಶವಿರುವುದಿಲ್ಲ" ಎಂದು ಎರಡು ಸಾಲಿನ ಹಿಂಬರಹ ಕೊಟ್ಟರೆ ಕಡತ ಮುಗಿಯಿತು. ಮತ್ತೆ ಮತ್ತೆ ಮನವಿ ಕೊಡುತ್ತ ಕುಳಿತರೆ ಗಡುವು ಬೆಳೆಯುವುದಿಲ್ಲವೆಂದು ಎಸ್.ಎಸ್. ರಾಥೋರ್, ಸಿ. ಜೇಕಬ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳಸಿದ ದಾವೆಗಳನ್ನು ತಡೆಯಲು ಅದು ಸರಿಯಾದ ಮಾತು. ಆದರೆ ಸಾಹೇಬರು ನೋಡುತ್ತಾರೆಂದು ನಂಬಿ ಕಾದವರೇ ಇದರಿಂದ ಹೆಚ್ಚು ಪೆಟ್ಟು ತಿನ್ನುತ್ತಾರೆ.

ಹೀಗೆ ಮಂಡಳಿಯ ಮುಂದೆ ಬರುವ ನೌಕರನ ಕೈಯಲ್ಲಿ ಆದೇಶದ ಪ್ರತಿ, ಹಿಂಬರಹ, ಮಾಹಿತಿ ಹಕ್ಕಿನಲ್ಲಿ ಸಿಕ್ಕ ಒಂದಿಷ್ಟು ಟಿಪ್ಪಣಿ ಹಾಳೆಗಳು ಮಾತ್ರ ಇರುತ್ತವೆ. ಆಗ ವಾದವೆಲ್ಲ ನಿಯಮ ಮೀರಿತೇ, ಸಕ್ಷಮ ಪ್ರಾಧಿಕಾರವೇ ಸಹಿ ಹಾಕಿತೇ ಎಂಬ ಕಡೆಗೆ ಹೊರಳುತ್ತದೆ. ಜಾತಿಯ ಕಾರಣಕ್ಕೆ, ಬಸಿರಿನ ಕಾರಣಕ್ಕೆ ಹೀಗಾಯಿತು ಎಂಬ ಮೂಲ ದೂರು ಹಿಂದೆ ಬೀಳುತ್ತದೆ. 1974ರ ಇ.ಪಿ. ರಾಯಪ್ಪ ತೀರ್ಪು ಈ ಇಕ್ಕಟ್ಟಿನ ಎರಡೂ ಬದಿಗಳನ್ನು ತೋರಿಸುತ್ತದೆ. ಮನಬಂದಂತೆ ನಡೆಯುವುದೇ ಸಮಾನತೆಗೆ ವಿರುದ್ಧವೆಂಬ ದೊಡ್ಡ ತತ್ತ್ವ ಬಂದದ್ದು ಅಲ್ಲಿಂದ. ದುರುದ್ದೇಶವನ್ನು ಆರೋಪಿಸಿದವರೇ ಅದನ್ನು ಸಾಬೀತು ಮಾಡಬೇಕು, ಆ ಹೊರೆ ಬಲು ಭಾರ ಎಂದದ್ದೂ ಅದೇ ತೀರ್ಪು. ಮನಸ್ಸಿನೊಳಗಿನ ಉದ್ದೇಶಕ್ಕೆ ಸಾಕ್ಷಿ ತರುವುದು ಅಧೀನ ನೌಕರನಿಗೆ ಹೇಗೆ ಸಾಧ್ಯ?

ಭೇದ ಅಡಗುವ ಜಾಗವಂತೂ ನೌಕರನ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ಗೌಪ್ಯ ವರದಿ. ದೇವ್ ದತ್ ಎಂಬ ಎಂಜಿನಿಯರರಿಗೆ ಒಂದು ವರ್ಷ 'ಉತ್ತಮ' ಎಂಬ ಷರಾ ಬಿತ್ತು. ಬಡ್ತಿಗೆ 'ಅತ್ಯುತ್ತಮ' ಬೇಕಿತ್ತು. 'ಉತ್ತಮ' ಎಂಬುದು ಪ್ರತಿಕೂಲ ಷರಾ ಅಲ್ಲವೆಂಬ ಕಾರಣಕ್ಕೆ ಅದನ್ನು ಅವರಿಗೆ ತಿಳಿಸಲೇ ಇಲ್ಲ. ಎಲ್ಲ ಷರಾಗಳನ್ನೂ ನೌಕರನಿಗೆ ತಿಳಿಸಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಣದ ಷರಾವನ್ನು ಪ್ರಶ್ನಿಸಲಾಗದು ಎಂಬ ಸರಳ ಸತ್ಯವನ್ನು ಗುರುತಿಸಿದ ಈ ತೀರ್ಪು, ನನ್ನ ದೃಷ್ಟಿಯಲ್ಲಿ, ಎಷ್ಟೋ ದೊಡ್ಡ ಘೋಷಣೆಗಳಿಗಿಂತ ಹೆಚ್ಚು ಉಪಕಾರ ಮಾಡಿದೆ.

ಮೊದಲ ಹಂತವನ್ನು ಕಟ್ಟುವುದು ಹೇಗೆಂದು ನಮ್ಮ ಶಾಸನಕ್ಕೆ ಗೊತ್ತಿಲ್ಲವೆಂದಲ್ಲ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಲ್ಲಿ ಸಮಿತಿ 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕು, ವರದಿ ಇಬ್ಬರಿಗೂ ಸಿಗಬೇಕು. ಒಪ್ಪದವರಿಗೆ ಮೇಲ್ಮನವಿಗೆ ಮತ್ತೆ 90 ದಿನಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ದೂರು ದಾಖಲಾದ ಎರಡು ವಾರಗಳೊಳಗೆ ವಿಚಾರಿಸಬೇಕೆನ್ನುತ್ತದೆ. ಆಚರಣೆಯಲ್ಲಿ ಕೊರತೆಗಳಿದ್ದರೂ ಎರಡರ ತಳಹದಿ ಸರಿಯಾಗಿದೆ: ಮೊದಲು ತನಿಖೆ, ಆಮೇಲೆ ಮೇಲ್ಮನವಿ. ಜಾತಿ, ಧರ್ಮ, ಹೆರಿಗೆ, ಪ್ರದೇಶಗಳ ಕಾರಣದ ಭೇದಕ್ಕೆ ಇಂಥ ಏರ್ಪಾಡು ಸೇವಾ ನಿಯಮಗಳಲ್ಲಿಲ್ಲ. ಪರಿಶಿಷ್ಟ ಜಾತಿಗಳ ಆಯೋಗ ವಿಚಾರಣೆ ನಡೆಸಬಹುದು, ಶಿಫಾರಸು ಮಾಡಬಹುದು. ಬಡ್ತಿಗೋ ವರ್ಗಾವಣೆಗೋ ತಡೆಯಾಜ್ಞೆ ಕೊಡುವ ಅಧಿಕಾರ ಅದಕ್ಕಿಲ್ಲ.

ಮೇಲಿನ ಹಂತದಲ್ಲಿ ಚಿಂತನೆ ಮುಂದೆ ಹೋಗಿದೆ. ಸೇನೆಯ ಮಹಿಳಾ ಅಧಿಕಾರಿಗಳ ಕಾಯಂ ನೇಮಕಾತಿ ಕುರಿತ ನಿತಿಶಾ ಪ್ರಕರಣದಲ್ಲಿ, 2021ರಲ್ಲಿ, ಸುಪ್ರೀಂ ಕೋರ್ಟ್ ಉದ್ದೇಶವನ್ನು ಬಿಟ್ಟು ಪರಿಣಾಮವನ್ನು ನೋಡಿತು. ಪುರುಷರು ಸೇವೆಯ ಆರಂಭದ ವರ್ಷಗಳಲ್ಲಿ ದಾಟುತ್ತಿದ್ದ ದೈಹಿಕ ಅರ್ಹತೆಯನ್ನು ನಡುವಯಸ್ಸಿನ ಮಹಿಳೆಯರಿಗೆ ಅನ್ವಯಿಸಲಾಗಿತ್ತು. ಅವರಿಗೆ ಕಾಯಂ ಹುದ್ದೆಯೇ ಇಲ್ಲದ ಕಾಲದಲ್ಲಿ ಉದಾಸೀನವಾಗಿ ಬರೆದ ಗೌಪ್ಯ ವರದಿಗಳನ್ನು ಅಂಕ ಹಾಕಲು ಬಳಸಲಾಗಿತ್ತು. ನಿಯಮ ಎಲ್ಲರಿಗೂ ಒಂದೇ ಎಂಬ ಸಮರ್ಥನೆಯನ್ನು ಕೋರ್ಟ್ ಒಪ್ಪಲಿಲ್ಲ. ಇದು ಪರೋಕ್ಷ ತಾರತಮ್ಯ ಎಂದಿತು. ಅಲ್ಲಿ ಅಂಕಿಅಂಶ, ಮಾನದಂಡ, ವರದಿಗಳೆಲ್ಲ ಕೋರ್ಟಿನ ಮುಂದಿದ್ದವು. ಒಬ್ಬಂಟಿ ಗ್ರಾಮ ಆಡಳಿತಾಧಿಕಾರಿಯ ಅಥವಾ ನರ್ಸಿನ ದೂರಿನಲ್ಲಿ ಅವುಗಳನ್ನು ಒದಗಿಸುವವರಿಲ್ಲ.

ಆದ್ದರಿಂದ ಇನ್ನೊಂದು ಮೇಲ್ಮನವಿಯ ಹಂತವನ್ನು ಸೇರಿಸಿ ಫಲವಿಲ್ಲ. ತಾರತಮ್ಯದ ದೂರು ಬಂದರೆ ಆ ಕಚೇರಿಗೆ ಸಂಬಂಧಪಡದ ಅಧಿಕಾರಿ ನಿಗದಿತ ದಿನಗಳಲ್ಲಿ ತನಿಖೆ ಮಾಡಲಿ. ಅದೇ ಸ್ಥಿತಿಯಲ್ಲಿದ್ದ ಉಳಿದ ನೌಕರರನ್ನು ಹೇಗೆ ಕಂಡರೆಂದು ದಾಖಲಿಸಲಿ. ಕಾರಣ ಬರೆದ ಆದೇಶವನ್ನೂ ತನಿಖಾ ವರದಿಯನ್ನೂ ದೂರುದಾರರ ಕೈಗೆ ಕೊಡಲಿ, ಗಡುವು ಆ ದಿನದಿಂದ ಆರಂಭವಾಗಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಸೇವಾ ನಿಯಮಗಳಿಗೆ ಒಂದು ಅಧ್ಯಾಯ ಸೇರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇಂದೇ ಇದೆ.