ಲಸಿಕೆಯ ಮಾತು, ಮಾತಿನ ಕಲಬೆರಕೆ

ವದಂತಿಯೂ ಒಂದು ಬಗೆಯ ಕಥೆಯೇ. ಅದಕ್ಕೆ ವಸ್ತುವುಂಟು, ಪಾತ್ರವುಂಟು, ಕೇಳುಗರಂತೂ ಧಾರಾಳವಾಗಿ ಉಂಟು. ಆದಕಾರಣ ಅದನ್ನು ವಿಮರ್ಶೆಯ ಒರೆಗಲ್ಲಿಗೆ ಉಜ್ಜಿ ನೋಡುವುದು ತಪ್ಪಾಗಲಾರದು.

೨೦೨೧ರ ಜೂನ್ ತಿಂಗಳಿನಲ್ಲಿ, ಕೊವಾಕ್ಸಿನ್ ಲಸಿಕೆಯಲ್ಲಿ ಎಳೆಗರುವಿನ ರಕ್ತದ ಸೀರಂ ಬೆರೆತಿದೆಯೆಂಬ ಮಾತು ದೇಶದಲ್ಲೆಲ್ಲ ಹಬ್ಬಿತು. ಆ ಲಸಿಕೆಯನ್ನು ಮಾಲೂರಿನಲ್ಲಿಯೂ ತಯಾರಿಸಲು ಏರ್ಪಾಡು ನಡೆದಿದ್ದ ವರ್ಷವದು. ಕೋಲಾರದ ಸೀಮೆಯಲ್ಲಿ ಹೈನಿನಿಂದ ಜೀವನ ಸಾಗಿಸುವ ಮನೆಗಳು ಬಹಳ. ಕರುವಿನ ಹೆಸರು ಅಲ್ಲಿ ಸುಮ್ಮನೆ ಕಿವಿಗೆ ಬಿದ್ದು ಹೋಗುವಂಥದಲ್ಲ.

ಕೇಂದ್ರದ ಆರೋಗ್ಯ ಸಚಿವಾಲಯ ಜೂನ್ ೧೬ರಂದು ಉತ್ತರ ಕೊಟ್ಟಿತು. ಸೀರಂ ಬೇಕಾಗುವುದು ವೆರೋ ಕೋಶಗಳನ್ನು ಬೆಳೆಸಲು ಮಾತ್ರ. ಆ ಕೋಶಗಳನ್ನು ಹಲವು ಸಲ ತೊಳೆದು, ಅವುಗಳಲ್ಲಿ ವೈರಸ್ಸನ್ನು ಬೆಳೆಸಿ, ಅದನ್ನು ಕೊಂದು ಶುದ್ಧಿಮಾಡುತ್ತಾರೆ. ಸಿದ್ಧವಾದ ಲಸಿಕೆಯಲ್ಲಿ ಸೀರಂ ಇಲ್ಲ. ಅರ್ಥ ಸರಿ, ಕ್ರಮವೂ ಸರಿ. ಗದ್ಯ ಮಾತ್ರ ಕಚೇರಿಯದು. ಹುಳು ಹಿಪ್ಪುನೇರಳೆ ಸೊಪ್ಪನ್ನು ತಿಂದು ಬೆಳೆಯುತ್ತದೆ, ಆದರೆ ರೇಷ್ಮೆ ಸೀರೆಯಲ್ಲಿ ಸೊಪ್ಪನ್ನು ಯಾರೂ ಹುಡುಕುವುದಿಲ್ಲ ಎಂದಿದ್ದರೆ, ಶ್ರೀನಿವಾಸಪುರದ ರೈತನಿಗೆ ಆ ಕ್ಷಣವೇ ವಿಷಯ ತಿಳಿಯುತ್ತಿತ್ತು.

ಹಾಗೆಂದು ಲಸಿಕೆಯ ತಯಾರಿಕೆಯಲ್ಲಿ ದೋಷವೇ ಬಾರದೆನ್ನುವುದೂ ಸತ್ಯವಲ್ಲ. ೨೦೧೮ರಲ್ಲಿ ಘಾಜಿಯಾಬಾದಿನ ಕಾರ್ಖಾನೆಯೊಂದರ ಪೋಲಿಯೋ ಹನಿಯಲ್ಲಿ, ಇರಬಾರದ ಎರಡನೆಯ ಮಾದರಿಯ ವೈರಸ್ಸು ಕಂಡುಬಂತು. ಅದು ನಿಜವಾದ ಕಲಬೆರಕೆ. ೨೦೨೨ರ ಏಪ್ರಿಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತಯಾರಿಕೆಯ ಕ್ರಮದಲ್ಲಿ ನ್ಯೂನತೆಗಳಿವೆಯೆಂದು, ವಿಶ್ವಸಂಸ್ಥೆಯ ಮೂಲಕ ನಡೆಯುವ ಕೊವಾಕ್ಸಿನ್ ಸರಬರಾಜನ್ನು ತಡೆಯಿತು. ಲಸಿಕೆ ಫಲಕಾರಿ, ಸುರಕ್ಷತೆಯ ವಿಷಯದಲ್ಲಿ ಆತಂಕವಿಲ್ಲ ಎಂದೂ ಆಗಲೇ ತಿಳಿಸಿತು.

ತಯಾರಿಕೆಗೆ ಬಳಸಿದ ಪದಾರ್ಥ ಒಂದು, ತಯಾರಿಕೆಯ ಕುಂದು ಇನ್ನೊಂದು, ಸೇರಬಾರದ್ದು ಸೇರುವುದು ಮತ್ತೊಂದು. ಈ ಮೂರನ್ನೂ ಒಂದೇ ಮಡಕೆಗೆ ಸುರಿದದ್ದು ವದಂತಿಯ ಅಪರಾಧ. ಇದರ ಫಲ ಘೋರವಾದುದು. ಇಲ್ಲದ ಹುಲಿಗೆ ಕೂಗಿ ದಣಿದ ಊರು, ಹುಲಿ ಬಂದ ದಿನ ಬಾಗಿಲು ತೆರೆಯುವುದಿಲ್ಲ.

ಹಳ್ಳಿಯ ಡೇರಿಯಲ್ಲಿ ಹಾಲನ್ನು ಪರೀಕ್ಷಿಸಿ ತೆಗೆದುಕೊಂಡರೆ, ಹಾಲು ತಂದಾಕೆ ಅದನ್ನು ಅವಮಾನವೆಂದು ಬಗೆಯುವುದಿಲ್ಲ. ಕಸೌಲಿಯ ಕೇಂದ್ರೀಯ ಔಷಧ ಪ್ರಯೋಗಾಲಯ ಲಸಿಕೆಯ ಬ್ಯಾಚುಗಳನ್ನು ಪರೀಕ್ಷಿಸುವುದೂ ಅಂಥದೇ ಕೆಲಸ. ಇದನ್ನು ಮನೆಮಾತಿನಲ್ಲಿ ಹೇಳುವವರು ಬೇಕು.

ಮಾಸ್ತಿ ಎಂಬ ಊರು ಮಾಲೂರು ತಾಲ್ಲೂಕಿನದು. ವೃತ್ತಪತ್ರಿಕೆಯನ್ನು ಕುರಿತು ಪುಸ್ತಕವನ್ನೇ ಬರೆದ ಡಿ.ವಿ.ಜಿ. ಮುಳಬಾಗಿಲಿನವರು. ತಿಳಿಯಾಗಿ ಹೇಳುವುದನ್ನೂ ಹೊಣೆಯರಿತು ಹೇಳುವುದನ್ನೂ ಕನ್ನಡಕ್ಕೆ ಕಲಿಸಿದ ನೆಲ ಇದು. ಆ ಎರಡು ಗುಣ ಕೂಡಿದ ಬರಹ ಲಸಿಕೆಯ ವಿಚಾರದಲ್ಲಿ ಇನ್ನೂ ಸಾಲದು. ನಮ್ಮ ಲೇಖಕರು ಅದನ್ನು ತಮ್ಮ ಕೆಲಸವೆಂದು ತಿಳಿಯಬೇಕು.