ಅಯನ ಬದಲಾದಾಗ ಬರುವ ಮಿಕ್ಸ್

ಋತು ಬದಲಾಗುವ ಹೊತ್ತಿಗೆ ನಾನು ಕಾಯುವುದು ಲೇನ್ 8 ಅವರ ಮಿಕ್ಸ್‌ಟೇಪಿಗೆ. ಈ ಹೆಸರಿನಲ್ಲಿ ಸಂಗೀತ ಮಾಡುವವರು ಅಮೆರಿಕದ ಡೇನಿಯಲ್ ಗೋಲ್ಡ್‌ಸ್ಟೀನ್. ವರ್ಷಕ್ಕೆ ನಾಲ್ಕು ಸಲ, ಅಯನ, ವಿಷುವಗಳ ಆಸುಪಾಸಿನಲ್ಲಿ, ತಮ್ಮವೂ ಬೇರೆಯವರವೂ ಆದ ಹಾಡುಗಳನ್ನು ಗಂಟೆಗಟ್ಟಲೆ ಹರಿಯುವ ಒಂದೇ ಮಿಕ್ಸ್ ಆಗಿ ಹೆಣೆದು ಉಚಿತವಾಗಿ ಬಿಡುತ್ತಾರೆ. ನಾಲ್ಕರಲ್ಲಿ ಚಳಿಗಾಲದ್ದೇ ನನಗೆ ಮೇಲು. ಬೇಸಿಗೆಯದು ಗುಂಪಿಗೆ ಒಪ್ಪುತ್ತದೆ. ಚಳಿಗಾಲದ್ದು ಊರು ಮಲಗಿದ ಮೇಲೆ ಒಬ್ಬರೇ ಕೂತು ಕೇಳುವಂಥದ್ದು.

ಈ ಮಿಕ್ಸ್‌ಗಳಲ್ಲಿ ಕೇಳುವ ಮೆಲೋಡಿಕ್ ಹೌಸ್ ಎಂಬ ನೃತ್ಯಸಂಗೀತದ ನಡೆ ನಿಮಿಷಕ್ಕೆ ಸುಮಾರು 120ರಿಂದ 124 ಬಡಿತ. ಕುಣಿಯುವ ವೇಗವೇ ಅದು. ಹಾಗಿದ್ದೂ ಮನಸ್ಸು ಒಳಮುಖವಾಗುವುದು ಹೇಗೆ? ಗುಟ್ಟಿರುವುದು ಒಂದು ಹಾಡು ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಎಂಬುದು ನನ್ನ ನಂಬಿಕೆ. 122ರ ವೇಗದಲ್ಲಿ ನಾಲ್ಕು ಬಡಿತದ 32 ಬಾರ್ ಎಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟು ಹೊತ್ತು ಎರಡು ಹಾಡುಗಳು ಜೊತೆಯಲ್ಲಿ ನುಡಿಯಬಹುದು. ಹೊಸದರ ಬೇಸ್ ಬರುವ ಮೊದಲು ಹಳೆಯದರ ಬೇಸ್ ತಗ್ಗಬೇಕು, ಶ್ರುತಿಯೂ ಕೂಡಬೇಕು. ಎ ಮೈನರ್‌ನಿಂದ ಇ ಮೈನರ್‌ಗೆ ಹೋಗುವುದೆಂದರೆ ಷಡ್ಜ ಇದ್ದಲ್ಲಿಂದ ಅದರ ಪಂಚಮಕ್ಕೆ ಸರಿದ ಹಾಗೆ. ಏಳು ಸ್ವರಗಳಲ್ಲಿ ಆರು ಎರಡಕ್ಕೂ ಸಮಾನ. ಎಫ್ ಒಂದೇ ಎಫ್ ಶಾರ್ಪ್ ಆಗುತ್ತದೆ. ಆ ವ್ಯತ್ಯಾಸ ಕಿವಿಗೆ ಗೊತ್ತಾಗುವ ಮುನ್ನವೇ ಭಾವ ಬೇರೆಯಾಗಿರುತ್ತದೆ. ಅವಸರದ ಡಿಜೆಗಳು ಎಡವುವುದು ಇಲ್ಲೇ. ಬೀಟು ಅಬ್ಬರಿಸಿ ಬಂದೆರಗುವ ಡ್ರಾಪ್ ಮೇಲೆ ಡ್ರಾಪ್ ಸುರಿಯುತ್ತಾರೆ, ಹಿಂದಿನ ಹಾಡು ಮನಸ್ಸಿನಲ್ಲಿ ಇಳಿಯುವುದಕ್ಕೆ ಬಿಡುವುದೇ ಇಲ್ಲ.

ಹೌಸ್ ಸಂಗೀತದಲ್ಲಿ ಈ ಭಾವುಕತೆ ಇತ್ತೀಚಿನದೇನಲ್ಲ. ಷಿಕಾಗೋದ ಲ್ಯಾರಿ ಹರ್ಡ್, ಮಿಸ್ಟರ್ ಫಿಂಗರ್ಸ್ ಹೆಸರಿನಲ್ಲಿ 1986ರಲ್ಲಿ ಹೊರತಂದ ‘ಕ್ಯಾನ್ ಯೂ ಫೀಲ್ ಇಟ್’ ಕೇಳಿ ನೋಡಿ. ಒಂದು ಜೂನೋ ಸಿಂಥ್, ಒಂದು ಡ್ರಮ್ ಮಷಿನ್, ಮತ್ತೆ ಮತ್ತೆ ಬರುವ ಕೆಲವೇ ಕಾರ್ಡ್‌ಗಳು. ಅಷ್ಟರಲ್ಲೇ ಎದೆ ತುಂಬುತ್ತದೆ. ಇವತ್ತಿನ ಎಷ್ಟೋ ನಿರ್ಮಾಪಕರು ಹತ್ತಾರು ಪದರ ಸೇರಿಸಿದರೂ ಅಲ್ಲಿಗೆ ಮುಟ್ಟಿಲ್ಲ.

ಗೋಲ್ಡ್‌ಸ್ಟೀನ್ 2016ರಲ್ಲಿ ಶುರುಮಾಡಿದ ‘ದಿಸ್ ನೆವರ್ ಹ್ಯಾಪನ್ಡ್’ ಹೆಸರಿನ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರು ಫೋನ್ ಎತ್ತಿ ಚಿತ್ರೀಕರಿಸುವಂತಿಲ್ಲ. ಮನೆಯಲ್ಲಿ ಕೇಳುವವರಿಗೂ ಅದೇ ಶಿಸ್ತು ಇರಲಿ. ನಡುವಿನಿಂದ ಶುರುಮಾಡಬೇಡಿ, ಹಾಡು ಹಾರಿಸಬೇಡಿ. ಇದರ ರುಚಿ ಹತ್ತಿದರೆ ಜರ್ಮನಿಯ ಬೆನ್ ಬೋಮರ್ 2020ರಲ್ಲಿ ಟರ್ಕಿಯ ಕಪಡೋಕಿಯಾದ ಮೇಲೆ ಬಿಸಿಗಾಳಿ ಬಲೂನಿನಲ್ಲಿ ತೇಲುತ್ತಾ ನುಡಿಸಿದ ಕಛೇರಿ ಇದೆ. ದೃಶ್ಯ ಬೆರಗಾಗಿಸುತ್ತದೆ, ನಿಜ; ಆದರೆ ಮೊದಲ ಸಲ ಪರದೆ ಆರಿಸಿಯೇ ಕೇಳಿ. ಸಂಗೀತಕ್ಕೆ ಆ ಬಲೂನುಗಳ ಹಂಗು ಬೇಕಿಲ್ಲ.